ಕೇರಾಫ್ ಅಕ್ಕ

ಗ್ಯಾಸ್ ಏಜೆನ್ಸಿಯ ಕೌಂಟರಿನಲ್ಲಿದ್ದವರು ನನ್ನ ಖಾಲಿ ಸಿಲಿಂಡರನ್ನು ನೋಡಿದರು, ರೆಗ್ಯುಲೇಟರನ್ನು ನೋಡಿದರು, ನನ್ನನ್ನೂ ನೋಡಿ ದನಿ ತಗ್ಗಿಸಿ ಕೇಳಿದರು: "ಮನೆಯಲ್ಲಿ ಯಾರಾದರೂ ತೀರಿಕೊಂಡರೇ?"

ಇಲ್ಲ ಎಂದೆ.

"ಹಾಗಾದರೆ ವರ್ಗಾವಣೆ. ಯಾವ ಊರಿಗೆ ಹೇಳಿ, ಅಲ್ಲಿಗೆ ಕಾಗದ ಮಾಡಿಕೊಡುತ್ತೇನೆ."

ಯಾವ ಊರಿಗೂ ಅಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟರು. ಸಂಪರ್ಕವನ್ನೇ ಒಪ್ಪಿಸಿ ಹೋಗುವವರಲ್ಲಿ ಅವರು ಕಂಡದ್ದು ಎರಡೇ ಬಗೆಯವರನ್ನಂತೆ. ಮಕ್ಕಳ ಹಿಂದೆ ಪರದೇಶಕ್ಕೆ ಹೋಗುವ ಮುದುಕರು, ಇಲ್ಲವೇ ಮುದುಕರು ಹೋದ ಮೇಲೆ ಅವರ ಗ್ಯಾಸ್ ಪುಸ್ತಕ ಹಿಡಿದುಕೊಂಡು ಬರುವ ಮಕ್ಕಳು. ನಲವತ್ತು ದಾಟಿದ, ಗಟ್ಟಿಮುಟ್ಟಾಗಿರುವ, ಹಾಸನ ಬಿಟ್ಟು ಎಲ್ಲಿಗೆ ಹೋಗುತ್ತೇನೆಂದು ಹೇಳಲಾಗದ ಹೆಂಗಸನ್ನು ಯಾವ ಕಡತಕ್ಕೆ ಸೇರಿಸಬೇಕೆಂದು ಅವರಿಗೆ ತೋಚಲಿಲ್ಲ. ಕೊನೆಗೆ ಎಂದೋ ಕಟ್ಟಿದ್ದ ಠೇವಣಿಯ ಹಣ ಎಣಿಸಿ ಕೊಟ್ಟು, "ಮತ್ತೆ ಬೇಕಾದರೆ ಆಗಿನ ದರದಲ್ಲಿ ಹೊಸದಾಗಿ ಮಾಡಿಸಬೇಕಾಗುತ್ತದೆ" ಎಂದು ಎಚ್ಚರಿಸಿದರು. ಅದು 2022ರ ಮೇ ತಿಂಗಳು. ಮನೆ ಬಿಡುವುದೆಂದರೆ ಏನೆಂದು ನನಗೆ ಮೊದಲು ತಟ್ಟಿದ್ದು ಬೀಗ ಹಾಕುವಾಗಲ್ಲ, ಆ ಸಿಲಿಂಡರನ್ನು ಅಲ್ಲಿ ಬಿಟ್ಟು ಬರಿಗೈಯಲ್ಲಿ ಬಿ.ಎಂ. ರಸ್ತೆಗೆ ಬಂದು ನಿಂತಾಗ.

ವಿದ್ಯಾನಗರದ ಆ ಮಹಡಿ ಮನೆಗೆ ನಾನೂ ಅಮ್ಮನೂ ಬಂದದ್ದು 2014ರಲ್ಲಿ. ನನಗೆ ಕೆಲಸ ಬೆಂಗಳೂರಿನಲ್ಲಿ. ವಾರವಿಡೀ ಅಲ್ಲಿನ ಪೇಯಿಂಗ್ ಗೆಸ್ಟ್ ಕೋಣೆ, ಶುಕ್ರವಾರ ರಾತ್ರಿ ಹಾಸನದ ಬಸ್ಸು. ಮಕ್ಕಳ ಪಾಠದ ವಿಡಿಯೋಗಳಿಗೆ ಕನ್ನಡದ ಅಡಿಬರಹ ಬರೆಯುವುದು, ಬೇರೆಯವರು ಮಾಡಿದ ಅನುವಾದ ತಿದ್ದುವುದು ನನ್ನ ಕಸುಬು. 2020ರ ಮಾರ್ಚಿನಲ್ಲಿ ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಕಳಿಸಿದ ಕಂಪನಿ ಆಮೇಲೆ ವಾಪಸು ಕರೆಯಲೇ ಇಲ್ಲ, ಕಚೇರಿಯ ಒಂದು ಮಹಡಿಯನ್ನು ಬಿಟ್ಟುಕೊಟ್ಟು ಬಾಡಿಗೆ ಉಳಿಸಿತು. ಎಷ್ಟೋ ವರ್ಷಗಳ ಮೇಲೆ ಅಮ್ಮನ ಜೊತೆ ವಾರದ ಏಳೂ ದಿನ ಇರುವ ಭಾಗ್ಯ ಬಂತು. ಒಂದೂವರೆ ವರ್ಷ ಇದ್ದೆ. 2021ರ ಅಕ್ಟೋಬರಿನಲ್ಲಿ ಅಮ್ಮ ಹೋದಳು.

ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆಯ ಬಾಗಿಲನ್ನು ದಿನಕ್ಕೊಮ್ಮೆ ಗುಡಿಸಲು ಮಾತ್ರ ತೆರೆಯುತ್ತಿದ್ದೆ. ಅದಕ್ಕೂ ಸೇರಿಸಿ ತಿಂಗಳಿಗೆ ಹನ್ನೊಂದು ಸಾವಿರ ಬಾಡಿಗೆ. ಕರಾರು ಹನ್ನೊಂದು ತಿಂಗಳಿನದು, ಎಲ್ಲರದೂ ಹಾಗೆಯೇ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು ಎನ್ನುತ್ತದೆ 1908ರ ನೋಂದಣಿ ಕಾಯಿದೆ. ಆ ಖರ್ಚು, ಓಡಾಟ ತಪ್ಪಿಸಲು ನಾಡಿನ ಮಾಲೀಕರೂ ಬಾಡಿಗೆದಾರರೂ ಸೇರಿ ಕಂಡುಕೊಂಡ ಒಳದಾರಿ ಈ ಹನ್ನೊಂದು. ಹೀಗಾಗಿ ಎಂಟು ವರ್ಷ ಬಾಳಿದ ಮನೆಯಲ್ಲಿ ಕಾಗದದ ಪ್ರಕಾರ ನಾನು ಒಂದೇ ಒಂದು ವರ್ಷವೂ ಪೂರ್ತಿ ಇದ್ದವಳಲ್ಲ. ಆ ಸಲದ ಕರಾರು ಮುಗಿಯುವ ಹೊತ್ತಿಗೆ, ಇನ್ನೊಂದು ಹನ್ನೊಂದಕ್ಕೆ ಸಹಿ ಹಾಕಲು ಕೈ ಏಳಲಿಲ್ಲ. ಕೆಲಸ ಲ್ಯಾಪ್‌ಟಾಪಿನಲ್ಲಿದೆ, ಲ್ಯಾಪ್‌ಟಾಪ್ ಚೀಲದಲ್ಲಿದೆ. ಮತ್ತೆ ಈ ಗೋಡೆಗಳು ಯಾಕೆ?

ಕೆಳಗಿನ ಮನೆಯಲ್ಲಿ ಓನರ್ ಸಂಸಾರ. ಅವರ ತಾಯಿಯನ್ನು ನಾವೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದೆವು. ಅವರು ಮುಳುಗಡೆಯವರು. ಹಾಸನದ ಕಡೆ ಈ ಮಾತಿಗೆ ವಿವರಣೆ ಬೇಕಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದು 1979ರ ಹೊತ್ತಿಗೆ ಕೆಲಸ ಮುಗಿಯಿತು, ಹಿನ್ನೀರಿನಲ್ಲಿ ಊರುಗಳು ಹೋದವು. ಪ್ರವಾಸಕ್ಕೆ ಬರುವವರು ಶೆಟ್ಟಿಹಳ್ಳಿಯ ಮುರುಕು ಚರ್ಚಿನ ಮುಂದೆ ನಿಂತು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ನಿಂತು ಬೇಸಿಗೆಯಲ್ಲಿ ಬುಡದವರೆಗೂ ಕಾಣಿಸುವ ಆ ಕಟ್ಟಡ ಸುಂದರವಾಗಿಯೇ ಇದೆ. ಅಜ್ಜಿಯ ಊರಿನಲ್ಲಿ ಹಾಗೆ ನೀರಿನ ಮೇಲೆ ತಲೆಯೆತ್ತಿ ನಿಲ್ಲುವ ಕಟ್ಟಡ ಇರಲಿಲ್ಲ.

ಆ ಕಾಂಕ್ರೀಟ್ ಮನೆಯ ಮುಂಬಾಗಿಲಿನ ವಿಚಿತ್ರ ನನಗೆ ಅರ್ಥವಾಗಲು ವರ್ಷ ಹಿಡಿದಿತ್ತು. ಹಲಸಿನ ಮರದ ಬಾಗಿಲವಾಡ, ಮೇಲ್ಪಟ್ಟಿಯಲ್ಲಿ ಸವೆದ ಗಿಳಿಗಳ ಸಾಲು, ನಡುವೆ ಮೂಗು ಹೋದ ಗಜಲಕ್ಷ್ಮಿ. ಎತ್ತರ ಸಾಲದು. ಓನರ್ ದಿನಕ್ಕೆ ಹತ್ತು ಸಲ ತಲೆ ಬಗ್ಗಿಸಿ ಒಳಗೆ ಹೋಗುತ್ತಿದ್ದರು. ಊರು ಬಿಡುವಾಗ ಅಜ್ಜಿಯ ಗಂಡ ಅದನ್ನು ಕಿತ್ತು ಗಾಡಿಯ ಮೇಲೆ ಹೇರಿಕೊಂಡು ಬಂದು, ಕಟ್ಟಿದ ಪ್ರತಿ ಮನೆಗೂ ಅದನ್ನೇ ಕೂರಿಸಿದ್ದರಂತೆ. ಅದು ಮೂರನೆಯ ಮನೆ.

ನಾನು ಮನೆ ಬಿಡುತ್ತೇನೆಂದು ಹೇಳಲು ಹೋದಾಗ ಅಜ್ಜಿ ಅದೇ ಹೊಸಿಲ ಮೇಲೆ ಕುಳಿತು ಅವರೆಕಾಳು ಹಿಸುಕುತ್ತಿದ್ದರು. ಮೇ ತಿಂಗಳಿನಲ್ಲಿ ಎಲ್ಲಿಯ ಅವರೆ ಎಂದು ಕೇಳಬೇಡಿ. ಒಣಗಿಸಿಟ್ಟು ನೆನೆಹಾಕಿದ ಕಾಳು. ಎಲ್ಲವನ್ನೂ ಕೇಳಿ, "ಯಾರೂ ಏಳು ಎಂದಿಲ್ಲ, ನೀರೂ ಬರುತ್ತಿಲ್ಲ. ನೀನಾಗಿಯೇ ಏಳುತ್ತೀಯ. ಸರಿ ಕಣಮ್ಮ, ಏನನ್ನು ಕಿತ್ತುಕೊಂಡು ಹೋಗುತ್ತೀಯ?" ಎಂದರು. ಕೊಂಕಿನ ಮಾತಲ್ಲ ಅದು, ನಿಜವಾಗಿ ತಿಳಿಯಬೇಕಾಗಿತ್ತು ಅವರಿಗೆ. ಒಂದು ಲ್ಯಾಪ್‌ಟಾಪು, ಇಂಡಕ್ಷನ್ ಒಲೆ, ಕಾಫಿ ಫಿಲ್ಟರ್ರು ಎಂದೆ. ಅಜ್ಜಿ ಕಾಳಿನ ಕಡೆ ತಿರುಗಿದರು.

ಮನೆ ಸೇರುವುದಕ್ಕೆ ನಮ್ಮಲ್ಲಿ ಏನೆಲ್ಲ ಶಾಸ್ತ್ರ. ಒಕ್ಕಲಾಗುವ ದಿನ ಹಸು ಕರು ನುಗ್ಗಿಸಬೇಕು, ಹಾಲು ಉಕ್ಕಿಸಬೇಕು, ಬಂಧುಬಳಗಕ್ಕೆ ಊಟ ಹಾಕಬೇಕು. ಬಿಡುವುದಕ್ಕೆ ಒಂದು ಮಂತ್ರವೂ ಇಲ್ಲ. ಅಕ್ಕ ಮಾತ್ರ ಫೋನಿನಲ್ಲಿ, "ಪೂರ್ತಿ ಬರಿದು ಮಾಡಿ ಬರಬೇಡ. ಒಂದು ಹಿಡಿ ಅಕ್ಕಿ, ಚೂರು ಉಪ್ಪು ಇಟ್ಟು ಬಾ" ಎಂದಿದ್ದಳು. ಇಟ್ಟೆ. ಮಂಚ, ಬೀರು, ಮಿಕ್ಸಿ ಮಾರಾಟವಾದವು. ಮಾರಲಾಗದ್ದು, ಕೊಡಲಾಗದ್ದು, ಎಸೆಯಲಾಗದ್ದು ಅಂತ ಒಂದು ರಾಶಿ ಉಳಿಯಿತು: ಅಮ್ಮನ ಶಾವಿಗೆ ಒರಳು, ಎರಡು ಕಬ್ಬಿಣದ ಟ್ರಂಕು, ಅಕ್ಕಿ ರೊಟ್ಟಿಯ ಹೆಂಚು, ತುಳಸಿಯ ಕುಂಡ. ಆ ರಾಶಿ ಒಂದು ಲಗೇಜ್ ಆಟೋದಲ್ಲಿ ಪೆನ್ಷನ್ ಮೊಹಲ್ಲಾದ ಅಕ್ಕನ ಮನೆಗೆ ಹೋಯಿತು. ನಾನು ಆ ಆಟೋದ ಹಿಂದೆ ಸ್ಕೂಟರಿನಲ್ಲಿ ಹೋದೆ. ಮೂರು ವರ್ಷ ಕಳೆದ ಮೇಲೆ ನೋಡಿದರೆ, ನಾನು ಮನೆ ಬಿಟ್ಟೆ ಎಂದು ಊರಿಗೆಲ್ಲ ಹೇಳಿಕೊಂಡ ಕಥೆಯ ನಿಜವಾದ ಅಧ್ಯಾಯ ಆ ಆಟೋದಲ್ಲಿತ್ತು.

ಮೊದಲ ತಂಗುದಾಣ ಚಿಕ್ಕಮಗಳೂರು. ಗಿರಿಯ ಕಡೆ ಹೋಗುವ ದಾರಿಯಲ್ಲಿ ಒಂದು ಹೋಂಸ್ಟೇ. ಮಳೆಗಾಲದಲ್ಲಿ ವಾರದ ನಡುವೆ ಅಲ್ಲಿಗೆ ಯಾರೂ ಬರುವುದಿಲ್ಲ, ಹೀಗಾಗಿ ಇಡೀ ತಿಂಗಳಿಗೆ ಹದಿನಾರು ಸಾವಿರಕ್ಕೆ ಒಪ್ಪಿದರು. ಶುಕ್ರವಾರ ಸಂಜೆ ಬೆಂಗಳೂರಿನ ಕಾರುಗಳು ಏರತೊಡಗುತ್ತಿದ್ದವು, ಭಾನುವಾರ ಇಳಿಯುತ್ತಿದ್ದವು. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರದಲ್ಲಿ ತನ್ನ ಪಾಡಿಗೆ ಮೋಡದೊಳಗಿರುತ್ತಿತ್ತು. ನಾನು ಅದರ ಬುಡದಲ್ಲಿ ತಿಂಗಳಿಡೀ ಇದ್ದು ನೆತ್ತಿ ಹತ್ತಿದ್ದು ಒಂದೇ ಸಲ. ಉಳಿದ ದಿನವೆಲ್ಲ ಐದನೇ ತರಗತಿಯ ಭಿನ್ನರಾಶಿ ಪಾಠಕ್ಕೆ ಅಡಿಬರಹ ಬರೆದೆ. ಹೀಗೆ ತಿರುಗುವವರ ಫೋಟೋಗಳಲ್ಲಿ ಲ್ಯಾಪ್‌ಟಾಪಿನ ಹಿಂದೆ ಯಾವಾಗಲೂ ಬೆಟ್ಟ ಇರುತ್ತದೆ. ಲ್ಯಾಪ್‌ಟಾಪನ್ನು ನೋಡುವವನ ಬೆನ್ನು ಮಾತ್ರ ಬೆಟ್ಟದ ಕಡೆಗಿರುತ್ತದೆ, ಇಲ್ಲದಿದ್ದರೆ ಬಿಸಿಲಿಗೆ ಪರದೆ ಕಾಣಿಸುವುದಿಲ್ಲ.

ನೆಟ್‌ವರ್ಕಿನ ವಿಷಯದಲ್ಲಿ ನಾನು ಸಣ್ಣ ಪಂಡಿತೆಯಾಗಿದ್ದೇನೆ. "ವೈಫೈ ಇದೆ" ಎಂಬ ಮಾತಿಗೆ ಬೆಲೆಯಿಲ್ಲ. ಕೇಳಬೇಕಾದ್ದು ಬೇರೆ. ಫೈಬರ್ ಕೇಬಲ್ಲು ಕಂಬದ ಮೇಲೆ ಬಂದಿದೆಯೋ ಮರದಿಂದ ಮರಕ್ಕೆ ಹಾರಿಕೊಂಡು ಬಂದಿದೆಯೋ? ಇನ್ವರ್ಟರಿಗೆ ದೀಪಗಳ ಜೊತೆ ಆ ರೂಟರ್ ಪೆಟ್ಟಿಗೆಯನ್ನೂ ಸೇರಿಸಿದ್ದೀರಾ? ಹೋದ ಮಳೆಗಾಲದಲ್ಲಿ ಕರೆಂಟು ಒಟ್ಟಿಗೆ ಹೆಚ್ಚೆಂದರೆ ಎಷ್ಟು ದಿನ ಹೋಗಿತ್ತು? ಮೂರನೆಯದಕ್ಕೆ ಮಲೆನಾಡಿನ ಯಾರೂ ಸುಳ್ಳು ಹೇಳುವುದಿಲ್ಲ, ಅದರಲ್ಲಿ ಅವರಿಗೊಂದು ಬಗೆಯ ಹೆಮ್ಮೆ. ಸಕಲೇಶಪುರದ ಆಚೆಯ ಒಂದು ತೋಟದಲ್ಲಿ ಇಡೀ ಆವರಣಕ್ಕೆ ಸಿಗ್ನಲ್ ಸಿಗುವ ಜಾಗ ಒಂದೇ: ಕಾಫಿ ಒಣಗಿಸುವ ಕಣದ ಈಶಾನ್ಯ ಮೂಲೆ. ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಛತ್ರಿ ಹಿಡಿದು ಮೀಟಿಂಗಿಗೆ ಕೂರುತ್ತಿದ್ದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳು ಅಲ್ಲಿಂದ ಹೇಳಿದ ಮಾತು ಕೇಳುತ್ತವೆ. ಅದೇ ಜಿಲ್ಲೆಯಲ್ಲಿ ನಾನು, "ನನ್ನ ದನಿ ಕೇಳಿಸುತ್ತಿದೆಯೇ?" ಎಂದು ಕಣದ ಮೂಲೆಯಲ್ಲಿ ಕೂಗುತ್ತಿದ್ದೆ. ಕತ್ತಲಾಗುವ ಮುಂಚೆ ಕುರ್ಚಿ ಎತ್ತಿಕೊಂಡು ಒಳಗೆ ಬರಬೇಕು, ಆನೆಯ ಕಾಟ. ಜೀರುಂಡೆಯ ಸದ್ದು ಕೇಳಿದ ಬೆಂಗಳೂರಿನವರು ನಿಮ್ಮ ಮೈಕ್ ಹಾಳಾಗಿದೆ ಎನ್ನುತ್ತಿದ್ದರು.

2024ರ ಜುಲೈ ಕೊನೆಯಲ್ಲಿ ಅಲ್ಲಿಯೇ ಸಿಕ್ಕಿಬಿದ್ದೆ. ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಜಾರಿ ಮಂಗಳೂರಿನ ರೈಲು ನಿಂತಿತು. ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆಯೂ ನಿಂತು ನಿಂತು ನಡೆಯಿತು. ಹೇಮಾವತಿ ಸಕಲೇಶಪುರದ ಸೇತುವೆಯ ಕೆಳಗೆ ಕೆಂಪಗೆ, ಮೈದುಂಬಿ ಹೋಗುತ್ತಿತ್ತು. ಆ ಹನ್ನೆರಡು ದಿನ ಬಟ್ಟೆ ಒಣಗಲಿಲ್ಲ. ಒಣಗಲಿಲ್ಲ ಎಂದರೆ ತೇವ ಉಳಿಯಿತು ಎಂದಷ್ಟೇ ಅಲ್ಲ, ಚೂಡಿದಾರದ ಮೇಲೆ ಬೂಷ್ಟು ಹಿಡಿದು ಹಸಿರು ಚುಕ್ಕೆ ಮೂಡಿತು. ತೋಟದ ಮನೆಯವರು ಒಲೆಯ ಮೇಲಿನ ಅಟ್ಟಣಿಗೆಯಲ್ಲಿ, ಮೆಣಸಿನಕಾಯಿ ಪಕ್ಕ, ನನ್ನ ಬಟ್ಟೆ ಹರವಿ ಕೊಟ್ಟರು. ಇವತ್ತಿಗೂ ಆ ಚೂಡಿದಾರಕ್ಕೆ ಹೊಗೆಯ ವಾಸನೆ.

ಸುಖವಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಒಂದು ಬೆಳಿಗ್ಗೆ ಕಿಟಕಿ ತೆಗೆದರೆ ಕಾಫಿ ಗಿಡವೆಲ್ಲ ಬಿಳಿ. ಮಲ್ಲಿಗೆಗೆ ಹತ್ತಿರದ, ಅದಕ್ಕಿಂತ ಒಂದು ಚೂರು ಮಂಕಾದ ಆ ವಾಸನೆಯೊಳಗೆ ಕುಳಿತು ಕೆಲಸ ಮಾಡಿದ ಮೂರು ದಿನಕ್ಕಾಗಿ ಇನ್ನೂ ಮೂರು ಮಳೆಗಾಲ ಬೂಷ್ಟು ತಡೆದುಕೊಳ್ಳಬಲ್ಲೆ.

ಆದರೆ ಅಲ್ಲಿಯೇ, ಅದೇ ತೋಟದಲ್ಲಿ, ಲೈನ್ ಮನೆಗಳಿದ್ದವು. ಕೊಯ್ಲಿನ ಕಾಲಕ್ಕೆ ಹೊರ ರಾಜ್ಯಗಳಿಂದ ಬಂದ ಸಂಸಾರಗಳು ಒಂದೊಂದು ಕೋಣೆಯಲ್ಲಿ ಒಕ್ಕಲು. ಸಂಜೆ ರೈಟರು ಹಣ್ಣಿನ ತೂಕ ಬರೆದುಕೊಳ್ಳುವಾಗ ನಾನೂ ಕಣದ ಮೂಲೆಯಲ್ಲಿ ದಿನದ ಕೆಲಸ ಕಳಿಸುತ್ತಿದ್ದೆ. ಅಸ್ಸಾಮಿನ ಕಡೆಯ ಒಬ್ಬ ಹೆಣ್ಣುಮಗಳು ಹರಕು ಕನ್ನಡದಲ್ಲಿ ಕೇಳಿದಳು: "ಅಕ್ಕ, ನಿಮ್ಮ ಮನೆ ಎಲ್ಲಿ?" ಮನೆ ಇಲ್ಲ, ಹೀಗೆಯೇ ಊರೂರು ತಿರುಗುತ್ತೇನೆ ಎಂದೆ. ಅವಳ ಮುಖದಲ್ಲಿ ಮೂಡಿದ್ದು ಮರುಕ. ನಮ್ಮ ಸ್ಥಿತಿ ಇದಕ್ಕಿಂತ ಮೇಲು ಎಂಬಂತೆ ಮೊಬೈಲ್ ತೆಗೆದು ತನ್ನ ಮನೆ ತೋರಿಸಿದಳು, ತಗಡಿನ ಮಾಡು, ಮುಂದೆ ಅಡಿಕೆ ಮರ, ಅರ್ಧ ಗಿಲಾವು ಆದ ಗೋಡೆ. ಇನ್ನರ್ಧ ಗೋಡೆಯ ಸಿಮೆಂಟಿಗೆ ಅವಳು ಇಲ್ಲಿಯವರೆಗೆ ಬಂದಿದ್ದಳು.

ಗೆಳೆಯರು ನನ್ನನ್ನು ಅಲೆಮಾರಿ ಎನ್ನುತ್ತಾರೆ, ಹೊಗಳಿಕೆಯಾಗಿ. ಮೊದಮೊದಲು ನಾನೂ ಖುಷಿಯಿಂದ ಹಾಗೆ ಹೇಳಿಕೊಂಡೆ. ಬೇಲೂರಿನಲ್ಲಿ ಎರಡು ತಿಂಗಳಿದ್ದ ಮೇಲೆ ನಿಲ್ಲಿಸಿದೆ. ಚೆನ್ನಕೇಶವನ ಗುಡಿ ನೋಡಲು ಬರುವವರಿಗೆ ಆ ತಾಲೂಕಿನ ಅಂಗಡಿಹಳ್ಳಿ ಗೊತ್ತಿರುವುದಿಲ್ಲ. ಹಕ್ಕಿಪಿಕ್ಕಿ ಜನರ ನೆಲೆ ಅದು. ಹಕ್ಕಿ ಹಿಡಿದು ಊರಿಂದೂರಿಗೆ ಹೋಗುತ್ತಿದ್ದವರು ಈಗ ಕೂದಲಿನ ಎಣ್ಣೆ ಕಾಯಿಸಿ ಮಾರುತ್ತಾರೆ. ರಾಜ್ಯದ ಬೇರೆ ಹಕ್ಕಿಪಿಕ್ಕಿ ನೆಲೆಗಳಿಂದ ಆಫ್ರಿಕಾದವರೆಗೂ ವ್ಯಾಪಾರಕ್ಕೆ ಹೋದವರು 2023ರ ಏಪ್ರಿಲ್‌ನಲ್ಲಿ ಸುಡಾನಿನ ಕಾಳಗದ ನಡುವೆ ಸಿಕ್ಕಿಬಿದ್ದದ್ದು ಪತ್ರಿಕೆಗಳಲ್ಲಿ ಬಂದಿತ್ತು. ನೆಲೆಯಿಲ್ಲದ ಎಷ್ಟೋ ಸಮುದಾಯಗಳನ್ನು 1871ರ ಕಾಯಿದೆಯೊಂದು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಅದು ರದ್ದಾದದ್ದು 1952ರಲ್ಲಿ. ಬಾಗಿಲ ಮೇಲೊಂದು ಮನೆ ನಂಬರು ಬರೆಸಿಕೊಳ್ಳುವುದಕ್ಕೆ ತಲೆಮಾರು ಕಾದವರ ಹೆಸರನ್ನು, ಮನೆ ನಂಬರು ಬೇಸರ ಬಂತೆಂದು ಬಿಟ್ಟುಬಂದ ನಾನು ಎತ್ತಿಕೊಳ್ಳುವುದು ಯಾಕೋ ಸರಿ ಕಾಣಲಿಲ್ಲ. ನಾನು ತಿರುಗಾಡುವ ಬಾಡಿಗೆದಾರಳು, ಅಷ್ಟೆ.

ಅದೂ ಪೂರ್ತಿ ನಿಜವಲ್ಲ. ಯಾಕೆಂದರೆ ನನಗೆ ವಿಳಾಸ ಇದೆ. ಆಧಾರಿನಲ್ಲಿ, ಬ್ಯಾಂಕಿನಲ್ಲಿ, ವಿಮೆಯ ಕಾಗದದಲ್ಲಿ, ಕಂಪನಿಯ ದಾಖಲೆಯಲ್ಲಿ ಒಂದೇ ಸಾಲು: ಕೇರಾಫ್ ಅಕ್ಕ, ಪೆನ್ಷನ್ ಮೊಹಲ್ಲಾ, ಹಾಸನ. ಮತದಾರರ ಪಟ್ಟಿಗೆ ಬೇಕಾದದ್ದು "ಸಾಮಾನ್ಯವಾಗಿ ವಾಸಿಸುವ" ಸ್ಥಳ. 1950ರ ಜನಪ್ರಾತಿನಿಧ್ಯ ಕಾಯಿದೆ, ಸ್ವಂತ ಮನೆ ಇದ್ದ ಮಾತ್ರಕ್ಕೆ ಒಬ್ಬರು ಅಲ್ಲಿಯ ವಾಸಿಯಾಗುವುದಿಲ್ಲ ಎನ್ನುತ್ತದೆ, ಕೆಲಕಾಲ ಊರಲ್ಲಿಲ್ಲದ ಮಾತ್ರಕ್ಕೆ ವಾಸಿಯಲ್ಲ ಎಂದೂ ಆಗುವುದಿಲ್ಲ ಎನ್ನುತ್ತದೆ. ನನ್ನಂಥವರು ಆ ಎರಡು ವಾಕ್ಯಗಳ ನಡುವಿನ ಸಂದಿಯಲ್ಲಿ ಬದುಕುತ್ತೇವೆ. 2024ರ ಏಪ್ರಿಲ್ 26ರಂದು ಕಳಸದಿಂದ ಬೆಳಗಿನ ಬಸ್ಸು ಹಿಡಿದು ಹಾಸನಕ್ಕೆ ಬಂದು ಮತ ಹಾಕಿ, ಅಕ್ಕನ ಮನೆಯಲ್ಲಿ ಊಟ ಮಾಡಿದೆ. ಅಕ್ಕ ನನ್ನ ಪತ್ರಗಳ ಕಟ್ಟು ತಂದಿಟ್ಟಳು. ರಬ್ಬರ್ ಬ್ಯಾಂಡ್ ಹಾಕಿ, ಬಂದ ತಾರೀಕನ್ನು ಪೆನ್ಸಿಲಿನಲ್ಲಿ ಮೂಲೆಗೆ ಬರೆದು. ಹಿಂದಿನ ವರ್ಷಗಳ ಕಟ್ಟುಗಳೂ ಅಲ್ಲಿಯೇ ಇದ್ದವು. ನಾನು ಬಿಚ್ಚಿಯೂ ಇರಲಿಲ್ಲ.

"ನೀನೆಲ್ಲೇ ಇದ್ದರೂ ನಾನು ಮನೆಯಲ್ಲಿರಬೇಕು" ಎಂದಳು, ಸಾರು ಬಡಿಸುತ್ತ. "ರಿಜಿಸ್ಟರ್ ಟಪಾಲು ಬಂದು ವಾಪಸು ಹೋದರೆ ಆಮೇಲೆ ಪೋಸ್ಟಾಫೀಸಿಗೆ ನಾನೇ ತಾನೇ ಓಡಬೇಕು."

ಅಕ್ಕನ ಅತ್ತೆ ಹಾಸಿಗೆ ಹಿಡಿದು ಆರು ವರ್ಷ. ಭಾವನಿಗೆ ಅಂಗಡಿ. ಮಕ್ಕಳಿಬ್ಬರೂ ಹೊರಗೆ ಓದುತ್ತಿದ್ದಾರೆ. ಆರು ವರ್ಷದಲ್ಲಿ ಅಕ್ಕ ಒಂದು ರಾತ್ರಿಯನ್ನೂ ಬೇರೆ ಕಡೆ ಕಳೆದಿಲ್ಲ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಅದನ್ನು ನನ್ನ ಓಡಾಟದ ಪಕ್ಕ ಇಟ್ಟು ನೋಡಿರಲಿಲ್ಲ. ನಾನು ಪ್ರತಿ ಹೊಸ ಊರಿನ ಫೋಟೋ ಅವಳಿಗೆ ಕಳಿಸುತ್ತಿದ್ದೆ. ಅವಳು ಪ್ರತಿ ಫೋಟೋಗೂ ಒಂದು ಹೂವಿನ ಚಿತ್ರ ಕಳಿಸುತ್ತಿದ್ದಳು.

ಈ ವರ್ಷ ಫೆಬ್ರವರಿಯಲ್ಲಿ ಅವಳೇ ಕೇಳಿದಳು. ಕಳಸದಲ್ಲಿ ನಾನು ಮುಂಗಡ ಕೊಟ್ಟಿದ್ದ ಕೋಣೆ ಎಷ್ಟು ದಿನಕ್ಕೆ ಎಂದಳು. ಹತ್ತು ದಿನ ಬಾಕಿ ಇದೆ ಎಂದೆ. "ಆ ಹತ್ತು ದಿನ ನೀನು ಇಲ್ಲಿರು. ನಾನು ಹೋಗುತ್ತೇನೆ." ಭಾವನನ್ನು ಕೇಳಲಿಲ್ಲ, ನನ್ನನ್ನೂ ಕೇಳಿದಳೆಂದು ಹೇಳುವ ಹಾಗಿಲ್ಲ. ಮರುದಿನ ಬೆಳಿಗ್ಗೆ ಒಂದು ವೈರ್ ಬುಟ್ಟಿ, ಒಂದು ಚೀಲ, ಕಾಲಿಗೆ ನನ್ನ ಬೂಟು. ಬಸ್ ನಿಲ್ದಾಣದಲ್ಲಿ ಕಿಟಕಿ ಪಕ್ಕ ಕುಳಿತು, ಅತ್ತೆಯ ಮಾತ್ರೆಗಳ ಪಟ್ಟಿಯನ್ನು ಮೂರನೆಯ ಸಲ ಹೇಳಿದಳು. ಬಸ್ಸು ಹೊರಟ ಮೇಲೆ ತಿರುಗಿ ನೋಡಲಿಲ್ಲ.

ಆ ಮನೆಯಲ್ಲಿ ಕೆಲಸ ಮಾಡುವುದು ಕಣದ ಮೂಲೆಗಿಂತ ಕಷ್ಟ. ವೈಫೈ ಬಲವಾಗಿದೆ, ಕರೆಂಟು ಹೋಗುವುದಿಲ್ಲ. ಎರಡು ಗಂಟೆಗೊಮ್ಮೆ ಅತ್ತೆಯವರನ್ನು ಮಗ್ಗುಲು ಬದಲಿಸಬೇಕು. ಅವರ ತಲೆದಿಂಬಿನ ಪಕ್ಕ ಪೂಜೆಯ ಗಂಟೆ ಇಟ್ಟಿದ್ದಾರೆ, ಮೀಟಿಂಗಿನ ನಡುವೆ ಅದು ಬಾರಿಸಿದರೆ ಏಳಬೇಕು. ಬೆಂಗಳೂರಿನವರು ಯಾವ ದೇವಸ್ಥಾನದಲ್ಲಿದ್ದೀರಿ ಎಂದು ನಕ್ಕರು. ಮೂರನೆಯ ದಿನದ ಹೊತ್ತಿಗೆ ಅಂಗಳದ ತುಳಸಿ ಕುಂಡಕ್ಕೆ ನೀರು ಹಾಕುವಾಗ ಅದು ಅಮ್ಮನದೆಂದು ಗುರುತು ಹತ್ತಿತು. ಅಕ್ಕ ಕುಂಡಕ್ಕೆ ಸುಣ್ಣ ಬಳಿಸಿದ್ದಳು.

ಐದನೆಯ ದಿನ ಹನ್ನೊಂದು ಗಂಟೆಗೆ ಗೇಟು ಸದ್ದಾಯಿತು. ಗ್ಯಾಸಿನ ಹುಡುಗ ಸಿಲಿಂಡರನ್ನು ಹೆಗಲಿಂದ ಇಳಿಸಿ ಮೆಟ್ಟಿಲ ಮೇಲಿಟ್ಟು, ಬೆವರು ಒರೆಸಿಕೊಳ್ಳುತ್ತ ಕೋಡ್ ಹೇಳಿ ಎಂದ. ಯಾವ ಕೋಡ್?

"ಫೋನಿಗೆ ಬಂದಿರುತ್ತದೆ. ನಾಲ್ಕು ಅಂಕಿ."

ಅದು ಅಕ್ಕನ ಫೋನಿಗೆ ಹೋಗಿತ್ತು. ಹಚ್ಚಿದೆ. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ. ಮತ್ತೆ ಹಚ್ಚಿದೆ, ಮತ್ತೆ ಅದೇ. ಆ ಕೋಣೆಯಲ್ಲಿ ಸಿಗ್ನಲ್ ಸಿಗುವುದು ಹಿತ್ತಲಿನ ಪೇರಲೆ ಮರದ ಹತ್ತಿರ ಮಾತ್ರ ಎಂದು ಅವಳಿಗೆ ಹೇಳುವುದನ್ನು ನಾನು ಮರೆತಿದ್ದೆ. ಒಳಗಿನಿಂದ ಗಂಟೆ ಬಾರಿಸಿತು.

"ಮನೆಯವರು ಎಲ್ಲಿ?" ಎಂದ ಹುಡುಗ.

"ಊರಲ್ಲಿಲ್ಲ."

"ಯಾವಾಗ ಬರುತ್ತಾರೆ?"

"ಹೇಳಿ ಹೋಗಿಲ್ಲ" ಎಂದೆ. ಅವನು ಸಿಲಿಂಡರನ್ನು ಮತ್ತೆ ಹೆಗಲಿಗೇರಿಸಿಕೊಂಡ.